ಗ್ಯಾಸ್ಟ್ರಿಕ್ ಅಂದುಕೊಂಡು ಕಳೆದ ಎಂಟು ತಿಂಗಳು

ಕೋಲಾರದ ಕಡೆ ಹೊಟ್ಟೆ ಉರಿ ಅಂದರೆ ಯಾರೂ ಗಾಬರಿಯಾಗುವುದಿಲ್ಲ. ಖಾರ ಜಾಸ್ತಿಯಾಯ್ತು, ರಾತ್ರಿ ಊಟ ಲೇಟಾಯ್ತು, ಗ್ಯಾಸ್ಟ್ರಿಕ್ ಇರಬೇಕು, ಮೆಡಿಕಲ್ ಅಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ತಂದರಾಯ್ತು. ಹೆಚ್ಚಿನವರ ಮಟ್ಟಿಗೆ ಅದು ನಿಜವೂ ಹೌದು. ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಹೊಟ್ಟೆಯ ಒಳಗೆ ನೋಡುವುದು, ನನ್ನ ದಿನದ ಕೆಲಸ. ಬಹಳ ಜನರ ಹೊಟ್ಟೆಯಲ್ಲಿ ನನಗೆ ಕಾಣುವುದು ಒಂದಿಷ್ಟು ಕೆಂಪು, ಒಂದಿಷ್ಟು ಊತ, ಅಷ್ಟೇ. ಆದರೆ ಕೆಲವರಲ್ಲಿ ಅದರ ಹಿಂದೆ ಹೊಟ್ಟೆಯ, ಅಂದರೆ ಜಠರದ, ಕ್ಯಾನ್ಸರ್ ಇರುತ್ತದೆ.

ಶ್ರೀನಿವಾಸಪುರದ ಕಡೆಯ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. 36 ವರ್ಷ, ಟೊಮೆಟೊ ತೋಟದಲ್ಲಿ ಕೆಲಸ. ಎರಡು ತುತ್ತು ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು, ಸುಸ್ತು ಇತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ತೋರಿಸಿದ ಕಡೆಯಲ್ಲೆಲ್ಲ ಹೇಳಿದ್ದು ಒಂದೇ: ಹೆಂಗಸರಿಗೆ ರಕ್ತ ಕಮ್ಮಿ ಇರುವುದು ಮಾಮೂಲು, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿರಬೇಕು, ಐರನ್ ಮಾತ್ರೆ ತಗೊಳ್ಳಿ. ನಮ್ಮ ರಾಜ್ಯದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಐರನ್ ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಗಾಗುತ್ತದೆ, ಆದರೆ ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ. ಆ ವ್ಯತ್ಯಾಸವನ್ನು ಆಕೆಯ ಹತ್ತಿರ ಯಾರೂ ಕೇಳಲಿಲ್ಲ. ಎಂಟು ತಿಂಗಳು ಹೀಗೇ ಹೋಯಿತು.

ನನ್ನ ಹತ್ತಿರ ಬಂದಾಗ ಸ್ಕೋಪ್ ಒಳಗೆ ಬಿಟ್ಟು ಗಾಳಿ ತುಂಬಿದೆ. ಸಾಮಾನ್ಯವಾಗಿ ಹೊಟ್ಟೆ ಬಲೂನಿನ ಹಾಗೆ ಹಿಗ್ಗಿ, ಒಳಗಿನ ಮಡಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಆಕೆಯದು ಹಿಗ್ಗಲಿಲ್ಲ. ಚರ್ಮದ ಚೀಲದ ಹಾಗೆ ಬಿಗಿಯಾಗಿಯೇ ಇತ್ತು. ಎದ್ದು ಕಾಣುವ ಗಡ್ಡೆ ಇಲ್ಲ, ದೊಡ್ಡ ಹುಣ್ಣೂ ಇಲ್ಲ. ಅವಸರದಲ್ಲಿ ನೋಡಿದವರು ನಾರ್ಮಲ್ ಅಂತ ಬರೆದುಬಿಡಬಹುದಾದಂಥ ಹೊಟ್ಟೆ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಬಯಾಪ್ಸಿಯಲ್ಲಿ ಸಿಗ್ನೆಟ್ ರಿಂಗ್, ಅಂದರೆ ಮುದ್ರೆಯುಂಗುರದ ಹಾಗೆ ಕಾಣುವ ಕೋಶಗಳ ಕ್ಯಾನ್ಸರ್ ಅಂತ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯದಲ್ಲಿ ಗಡ್ಡೆ, ಜಠರದ ಹೊರಗೆ ಹೊಟ್ಟೆಯಲ್ಲಿ ನೀರು. ಕ್ಯಾನ್ಸರ್ ಆಗಲೇ ಹರಡಿತ್ತು.

ಜಠರದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ ಇದೆ ಅಂತ 1965ರಲ್ಲಿ ಫಿನ್ಲೆಂಡಿನ ಪೆಕ್ಕಾ ಲೌರೆನ್ ತೋರಿಸಿಕೊಟ್ಟರು. ಒಂದು ಗಡ್ಡೆ ಅಥವಾ ಹುಣ್ಣಾಗಿ ಒಂದೇ ಕಡೆ ಬೆಳೆಯುತ್ತದೆ. ಎಚ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಹೊಟ್ಟೆಯ ಒಳಪದರವನ್ನು ಸವೆಸಿದ ಮೇಲೆ ನಿಧಾನವಾಗಿ ಬರುವುದು ಇದು, ವಯಸ್ಸಾದ ಗಂಡಸರಲ್ಲಿ ಜಾಸ್ತಿ. ಇನ್ನೊಂದು ಗಡ್ಡೆ ಕಟ್ಟುವುದಿಲ್ಲ, ಹೊಟ್ಟೆಯ ಗೋಡೆಯೊಳಗೆ ಇಂಗಿಕೊಂಡು ಹರಡುತ್ತದೆ. ಆ ಹೆಣ್ಣುಮಗಳದು ಈ ಬಗೆ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಈ ಎರಡನೆಯದರ ಪಾಲು ಹೆಚ್ಚು. ಇದಕ್ಕೂ ಎಚ್ ಪೈಲೋರಿ ಕಾರಣ ಆಗಬಹುದು, ಕೆಲವು ಮನೆತನಗಳಲ್ಲಿ ಸಿಡಿಎಚ್1 ಅನ್ನುವ ಜೀನ್‌ನ ದೋಷದಿಂದಲೂ ಬರುತ್ತದೆ.

ಒಟ್ಟು ಲೆಕ್ಕದಲ್ಲಿ ಈ ಕಾಯಿಲೆ ಗಂಡಸರದೇ. ಜಗತ್ತಿನಲ್ಲಿ ಹೆಂಗಸರಿಗಿಂತ ಸುಮಾರು ಎರಡು ಪಟ್ಟು ಗಂಡಸರಿಗೆ ಬರುತ್ತದೆ. ಬೀಡಿ, ಸಿಗರೇಟು, ಹೆಂಡದ ಪಾತ್ರ ಇದೆ. ಹೆಂಗಸರನ್ನು ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ಹಾರ್ಮೋನು ಒಂದಿಷ್ಟು ಕಾಯುತ್ತದೆ ಅನ್ನುವ ವಿಚಾರವೂ ಇದೆ. ಮೊದಲನೆಯ ಬಗೆಯ ಕ್ಯಾನ್ಸರ್ ಹೆಂಗಸರಲ್ಲಿ ಹತ್ತು ಹದಿನೈದು ವರ್ಷ ತಡವಾಗಿ ಏರುವುದನ್ನು ನೋಡಿದರೆ ಅದರಲ್ಲಿ ಹುರುಳಿದೆ ಅನ್ನಿಸುತ್ತದೆ. ಆದರೆ ಕಮ್ಮಿ ಬರುತ್ತದೆ ಅಂದರೆ ಬರುವುದಿಲ್ಲ ಅಂತಲ್ಲ, ಅಲ್ವಾ? ನಮ್ಮವರು ಎಡವುವುದೇ ಇಲ್ಲಿ. ಐವತ್ತೈದರ ಗಂಡಸು ತೂಕ ಇಳಿದು ಬಂದರೆ ತಕ್ಷಣ ಸ್ಕೋಪ್‌ಗೆ ಕಳಿಸುತ್ತಾರೆ, ಮೂವತ್ತೈದರ ಹೆಂಗಸು ಅದೇ ತೊಂದರೆ ಹೇಳಿಕೊಂಡರೆ ಟೆನ್ಷನ್ ಇರಬೇಕು, ಸರಿಯಾಗಿ ಊಟ ಮಾಡಮ್ಮ ಅಂತ ಮನೆಗೆ ಕಳಿಸುತ್ತಾರೆ.

ಯಾರು ಉಳಿಯುತ್ತಾರೆ ಅನ್ನುವುದನ್ನು ಎಲ್ಲಕ್ಕಿಂತ ಜಾಸ್ತಿ ತೀರ್ಮಾನಿಸುವುದು ಎಷ್ಟು ಬೇಗ ಸಿಕ್ಕಿತು ಅನ್ನುವುದು. ಅಮೆರಿಕದ ಲೆಕ್ಕದಲ್ಲಿ, ಕ್ಯಾನ್ಸರ್ ಹೊಟ್ಟೆಯೊಳಗೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ಸುಮಾರು 75 ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕವರಲ್ಲಿ ನೂರಕ್ಕೆ ಹತ್ತು ಜನವೂ ದಾಟುವುದಿಲ್ಲ. ಚಿಕ್ಕ ವಯಸ್ಸಿನವರ ಕ್ಯಾನ್ಸರ್ ಬಹಳ ಕೆಟ್ಟದ್ದು ಅನ್ನುವ ಮಾತು ಅರ್ಧ ನಿಜ. ಬೇಗ ಸಿಕ್ಕರೆ ಅವರು ವಯಸ್ಸಾದವರಷ್ಟೇ, ಕೆಲವೊಮ್ಮೆ ಅವರಿಗಿಂತ ಚೆನ್ನಾಗಿ ಬದುಕುತ್ತಾರೆ. ಹೃದಯ, ಕಿಡ್ನಿ ಗಟ್ಟಿ ಇರುತ್ತವೆ, ಆಪರೇಷನ್ ಮತ್ತು ಕೀಮೋ ತಡೆದುಕೊಳ್ಳುತ್ತಾರೆ. ಅವರ ತೊಂದರೆ ಏನೆಂದರೆ, ಬರುವಷ್ಟರಲ್ಲಿ ಹರಡಿರುತ್ತದೆ.

ವಯಸ್ಸಾದವರ ವಿಷಯದಲ್ಲಿ ತಪ್ಪು ಬೇರೆ ಥರ. ಮಾಲೂರು ಕಡೆಯ 74ರ ಒಬ್ಬರು, ಹಿಂದಿನ ರಾತ್ರಿ ಉಂಡ ಮುದ್ದೆಯನ್ನು ಮಾರನೇ ದಿನ ಮಧ್ಯಾಹ್ನ ಹಾಗೇ ವಾಂತಿ ಮಾಡುತ್ತಿದ್ದರು. ಹೊಟ್ಟೆಯ ಕೆಳಬಾಯಿಯಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿಕೊಂಡಿತ್ತು. ಬೇರೆ ಕಡೆಗೆ ಹರಡಿರಲಿಲ್ಲ. ಆದರೂ ಮನೆಯವರು, ವಯಸ್ಸಾಯ್ತಲ್ಲ ಸಾರ್, ಸುಮ್ನೆ ಯಾಕೆ ಕೊಯ್ಯೋದು ಅಂದರು. ನಾನು ಅವರನ್ನೇ ಕೇಳಿದೆ, ದಿನಾ ಏನು ಮಾಡುತ್ತೀರಿ ಅಂತ. ಎರಡು ಹಸು ನೋಡಿಕೊಳ್ಳುತ್ತೇನೆ, ಡೈರಿಗೆ ಹಾಲು ನಾನೇ ಹಾಕಿ ಬರುತ್ತೇನೆ ಅಂದರು. ನಡೆದುಕೊಂಡೇ ಹೋಗುತ್ತಾರಂತೆ. ಆಧಾರ್ ಕಾರ್ಡಿನ ವಯಸ್ಸಿಗಿಂತ ನನಗೆ ಅದು ಮುಖ್ಯ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ನ್ಯುಮೋನಿಯಾ, ಹೃದಯದ ತೊಂದರೆ ಬರುವ ಅಪಾಯ ಹೆಚ್ಚು, ಅದನ್ನು ಮುಚ್ಚಿಡದೆ ಹೇಳಿದೆ. ಮೂರು ವಾರ ಪೌಷ್ಟಿಕ ಆಹಾರ ಕೊಟ್ಟು, ಉಸಿರಾಟದ ವ್ಯಾಯಾಮ ಮಾಡಿಸಿ, ಆಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ಮುದ್ದೆ ಅರ್ಧಕ್ಕೆ ಇಳಿದಿದೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾರೆ. ಡೈರಿಗೆ ಹೋಗುತ್ತಿದ್ದಾರೆ.

ಅಜೀರ್ಣಕ್ಕೆ ಎಂಡೋಸ್ಕೋಪಿ ಯಾವಾಗ ಮಾಡಬೇಕು ಅಂದರೆ ಅಮೆರಿಕದ ಮಾರ್ಗಸೂಚಿಯಲ್ಲಿ 60 ದಾಟಿದವರಿಗೆ ಅಂತಿದೆ. ನಮ್ಮಲ್ಲಿ ಈ ಕಾಯಿಲೆ ಅಲ್ಲಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ, ಹಾಗಾಗಿ ಆ ಗೆರೆಯನ್ನು ನಾನು ಇಲ್ಲಿ ಎಳೆಯುವುದಿಲ್ಲ. ತೂಕ ತಾನಾಗಿ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಮತ್ತೆ ಮತ್ತೆ ವಾಂತಿಯಾದರೆ, ಮಲ ಟಾರಿನ ಹಾಗಿದ್ದರೆ, ಐರನ್ ತಗೊಂಡರೂ ರಕ್ತ ಏರದಿದ್ದರೆ ನಾನು ವಯಸ್ಸು ನೋಡುವುದಿಲ್ಲ. ಆಸಿಡ್ ಕಮ್ಮಿ ಮಾಡುವ ಮಾತ್ರೆಯಿಂದ ಉರಿ ಹೋಯಿತು ಅಂತ ಸಮಾಧಾನ ಪಡುವುದೂ ಬೇಡ. ಕ್ಯಾನ್ಸರಿನ ಹುಣ್ಣು ಕೂಡ ಆ ಮಾತ್ರೆಗೆ ಕೆಲವು ದಿನ ಮೇಲೆ ಮೇಲೆ ಮಾಯುತ್ತದೆ.

ಶ್ರೀನಿವಾಸಪುರದ ಆ ಹೆಣ್ಣುಮಗಳು ಕೀಮೋ ತಗೊಂಡರೂ ಹನ್ನೊಂದು ತಿಂಗಳಿಗೆ ತೀರಿಕೊಂಡರು. ಎರಡು ತಿಂಗಳಾದ ಮೇಲೆ ಅವರ ತಂಗಿ ಒಬ್ಬರೇ ಬಸ್ಸು ಹತ್ತಿ ಬಂದರು, 31 ವರ್ಷ, ಕೈಯಲ್ಲಿ ಅಕ್ಕನ ಬಯಾಪ್ಸಿ ರಿಪೋರ್ಟು. ನನಗೂ ಒಂದು ಸಲ ನೋಡಿಬಿಡಿ ಅಂದರು. ಸ್ಕೋಪ್ ಬಿಟ್ಟು ಗಾಳಿ ತುಂಬಿದೆ, ಹೊಟ್ಟೆ ಚೆನ್ನಾಗಿ ಹಿಗ್ಗಿತು, ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಆದರೂ ಅಲ್ಲಲ್ಲಿ ಬಯಾಪ್ಸಿ ತೆಗೆದೆ. ಕ್ಯಾನ್ಸರ್ ಇರಲಿಲ್ಲ, ಎಚ್ ಪೈಲೋರಿ ಇತ್ತು. ಹದಿನಾಲ್ಕು ದಿನದ ಮಾತ್ರೆ ಬರೆದುಕೊಟ್ಟೆ, ಜೀನ್ ಪರೀಕ್ಷೆಗೆ ಬೆಂಗಳೂರಿಗೆ ಚೀಟಿ ಕೊಟ್ಟೆ. ಅಕ್ಕನ ಮಗಳಿಗೆ ಹನ್ನೆರಡು ವರ್ಷ, ಅವಳನ್ನು ಯಾವಾಗ ಕರೆದುಕೊಂಡು ಬರಲಿ ಅಂತ ಕೇಳಿದರು. ಮೊದಲು ನಿಮ್ಮ ರಿಪೋರ್ಟು ಬರಲಿ, ಇಬ್ಬರೂ ಕೂತು ಮಾತಾಡೋಣ ಅಂದೆ.