ಹಳೇ ಕಾರು: ಸ್ಪ್ಯಾನರ್ ಕೆಳಗಿಡುವುದು ಯಾವಾಗ?

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಕಾರು ಇದೆ. ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಮೆಕ್ಯಾನಿಕ್ ಹತ್ತಿರ ಯಾವಾಗ ಹೋಗಬೇಕು?

ಕೈ ಹಾಕುವ ಮೊದಲು ಒಂದು ಯೋಚನೆ ಮಾಡಿ. ನಿಮ್ಮ ಕೆಲಸ ಕೆಟ್ಟರೆ ಕಾರು ಹೊರಡುವುದಿಲ್ಲವೋ, ನಿಲ್ಲುವುದಿಲ್ಲವೋ? ಹೊರಡದಿದ್ದರೆ ಒಂದು ಭಾನುವಾರ ಹೋಯಿತು, ಅಷ್ಟೇ. ಪ್ಲಗ್ ಬದಲಿಸುವುದು, ಪಾಯಿಂಟ್ಸ್ (ಪ್ಲಗ್‌ಗೆ ಕಿಡಿ ಬರುವಂತೆ ಕರೆಂಟನ್ನು ಕಡಿದು ಜೋಡಿಸುವ ಸಣ್ಣ ಸ್ವಿಚ್) ಗ್ಯಾಪ್ ಹೊಂದಿಸುವುದು (ಎಷ್ಟೋ ಕಾರುಗಳಲ್ಲಿ ಸುಮಾರು 0.4 ಮಿ.ಮೀ.), ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ತೊಳೆಯುವುದು, ಇವನ್ನೆಲ್ಲ ಧೈರ್ಯವಾಗಿ ಮಾಡಿ.

ಬ್ರೇಕ್ ಮತ್ತು ಸ್ಟೀರಿಂಗ್ ವಿಷಯ ಬೇರೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಬ್ರೇಕ್ ಆಯಿಲ್ ಹೋಗುವ ಸರ್ಕ್ಯೂಟ್ ಒಂದೇ. ಒಂದು ಕಡೆ ಸೋರಿದರೂ ನಾಲ್ಕೂ ಕೈಕೊಡುತ್ತವೆ. ನಿಂತ ಕಾರಿನಲ್ಲಿ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟು ಹಾಗೇ ಒತ್ತಿಹಿಡಿಯಿರಿ. ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದೆಯಾ? ನೆಲದ ಮೇಲೆ ಒಂದು ಹನಿ ಇಲ್ಲದಿದ್ದರೂ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿರಬಹುದು. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಲಾರಿಗೆ ಹೇರಿಕೊಂಡು ಹೋಗಿ. ಅಂದ ಹಾಗೆ, ಹಳೇ ಬ್ರೇಕ್ ಲೈನರ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆ ಧೂಳನ್ನು ಗಾಳಿ ಹೊಡೆದು ಹಾರಿಸಲೇಬೇಡಿ.

ಇನ್ನು ಜಾಮ್ ಆದ ಬೋಲ್ಟ್. ಇದನ್ನು ಕೈಯೇ ಹೇಳುತ್ತದೆ. ಬಿಚ್ಚಿಕೊಳ್ಳುವ ಬೋಲ್ಟ್ 'ಕಿರ್' ಅಂತ ಸದ್ದು ಮಾಡುತ್ತಾ ಬಿಗಿಯಾಗಿಯೇ ತಿರುಗುತ್ತದೆ. ಮುರಿಯುವ ಬೋಲ್ಟ್ ಇದ್ದಕ್ಕಿದ್ದಂತೆ ಮೆತ್ತಗಾಗುತ್ತದೆ, ಮೇಣ ತಿರುಚಿದ ಹಾಗೆ. ಒಮ್ಮೆ ನನಗೆ ಹಾಗನ್ನಿಸಿದ ಮೇಲೂ ಕಾಲು ಸುತ್ತು ತಿರುಗಿಸಿದೆ. ಸ್ಟಡ್ (ತಲೆಯಿಲ್ಲದ ಬೋಲ್ಟ್) ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಒಳಗೇ ಮುರಿದು ಉಳಿಯಿತು. ಹೆಡ್ ಇಳಿಸಿ, ಡ್ರಿಲ್ ಮಾಡಿಸಿ, ಹೊಸ ಥ್ರೆಡ್ ಹಾಕಿಸಬೇಕಾಯಿತು. ಮುರಿಯುವ ಮುಂಚೆ ಮೆಕ್ಯಾನಿಕ್ ಹತ್ತಿರ ಹೋಗಿದ್ದರೆ ಕಾಯಿಸಿ, ಎಣ್ಣೆ ಬಿಟ್ಟು ಬಿಚ್ಚಿಕೊಡುತ್ತಿದ್ದರೋ ಏನೋ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ, ಯಾಕೆಂದರೆ ಈ ಕಾರುಗಳ ಎಷ್ಟೋ ಭಾಗಗಳು ಮತ್ತೆ ಹುಡುಕಿದರೂ ಸಿಗುವುದಿಲ್ಲ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ) ಮೇಲಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಆಯಿಲ್‌ಗೆ ನೀರು ಸೇರಿದೆ. ತುಕ್ಕು ಬರೀ ಬಾಗಿಲಿನದ್ದಾದರೆ ಅವಸರವಿಲ್ಲ. ಸಸ್ಪೆನ್ಷನ್ ಅಥವಾ ಸೀಟ್ ಬೆಲ್ಟ್ ಕೂರುವ ಜಾಗದಲ್ಲಿದ್ದರೆ ಅದು ಪಳಗಿದ ವೆಲ್ಡರ್ ಕೆಲಸ. ಪೆಟ್ರೋಲ್ ಟ್ಯಾಂಕನ್ನಂತೂ ಖಾಲಿ ಮಾಡಿಯೂ ವೆಲ್ಡ್ ಮಾಡಲು ಹೋಗಬೇಡಿ. ಒಳಗೆ ಉಳಿದ ಆವಿಯೇ ಸಿಡಿಯುತ್ತದೆ.

ಗ್ಯಾರೇಜಿಗೆ ಹೋದಾಗ, ಕಾರ್ಬ್ಯುರೇಟರ್ ಕೆಲಸ ಮಾಡಿದ್ದೀರಾ ಅಂತ ಮೊದಲೇ ಕೇಳಿ. ಸ್ಕ್ಯಾನರ್ ಹಚ್ಚಿ ತೊಂದರೆ ಹುಡುಕುವವರಿಗೆ ಈ ಕಾರಿನಲ್ಲಿ ಅದನ್ನು ಚುಚ್ಚಲು ಜಾಗವೇ ಇರುವುದಿಲ್ಲ. ನೀವು ಏನೇನು ಬಿಚ್ಚಿದ್ದೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಸಂಕೋಚಪಟ್ಟು ಬಚ್ಚಿಟ್ಟರೆ ಅವರು ಅರ್ಧ ದಿನ ಸುಮ್ನೆ ಬೇರೆ ಕಡೆ ಹುಡುಕುತ್ತಾರೆ.