ವಡಗಾವಿಯ ಒಂದು ಮನೆಯಿಂದ ದಿನಕ್ಕೆ ಎಷ್ಟು ಟ್ರಿಪ್?

ಸರ್ವೆಯವರು ಬಾಗಿಲಿಗೆ ಬಂದು ‘ನಿನ್ನೆ ಎಲ್ಲೆಲ್ಲಿ ಹೋಗಿದ್ರಿ?’ ಎಂದು ಕೇಳಿದರೆ ನಮ್ಮ ಬೆಳಗಾವಿ ಕಡೆ ಹೆಣ್ಣುಮಕ್ಕಳು ಥಟ್ಟನೆ ಹೇಳುವುದು ಒಂದೇ ಮಾತು: ‘ಎಲ್ಲೂ ಹೋಗಿಲ್ರೀ, ಮನ್ಯಾಗ ಇದ್ದೆ.’ ಸ್ವಲ್ಪ ಕೆದಕಿ ಕೇಳಿದರೆ ಒಂದೊಂದೇ ನೆನಪಾಗುತ್ತದೆ. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಟ್ಟದ್ದು, ಹಾಗೇ ರೇಷನ್ ಅಂಗಡಿಗೆ ಹೋದದ್ದು, ಸಂಜೆ ಗುಡಿಗೆ ಹೋಗಿ ಬಂದದ್ದು. ಒಂದು ಕೆಲಸಕ್ಕೆಂದು ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಅದು ಒಂದು ಟ್ರಿಪ್. ಮನೆಯಿಂದ ಶಾಲೆ, ಶಾಲೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಮನೆಯಿಂದ ಗುಡಿ, ಗುಡಿಯಿಂದ ಮನೆ. ‘ಎಲ್ಲೂ ಹೋಗಿಲ್ಲ’ ಎಂದವರದ್ದು ಐದು ಟ್ರಿಪ್ ಆಯಿತು, ಅಲ್ವಾ?

ಊರಿನ ಮುಂದಿನ ಇಪ್ಪತ್ತು ವರ್ಷದ ರಸ್ತೆ, ಬಸ್ಸು, ಮೇಲ್ಸೇತುವೆಗಳ ಯೋಜನೆ ಸಾಮಾನ್ಯವಾಗಿ ಈ ಎಣಿಕೆಯಿಂದಲೇ ಶುರುವಾಗುತ್ತದೆ. ಟ್ರಾನ್ಸ್‌ಕ್ಯಾಡ್, ವಿಸಮ್, ಕ್ಯೂಬ್‌ನಂಥ ಸಾಫ್ಟ್‌ವೇರ್‌ಗಳು ಊರನ್ನು ಸಣ್ಣ ಸಣ್ಣ ಝೋನ್‌ಗಳಾಗಿ ಒಡೆಯುತ್ತವೆ. ಪ್ರತಿ ಝೋನ್‌ನಿಂದ ಎಷ್ಟು ಟ್ರಿಪ್ ಹುಟ್ಟುತ್ತವೆ, ಎಷ್ಟು ಬಂದು ಸೇರುತ್ತವೆ ಎಂದು ಮೊದಲು ಲೆಕ್ಕ ಹಾಕುತ್ತವೆ. ಇದೇ ಟ್ರಿಪ್ ಜನರೇಷನ್. ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಎಂಬ ಮೂರು ಹಂತಗಳು ಆಮೇಲೆ ಬರುತ್ತವೆ. ಮೊದಲ ಹಂತದಲ್ಲಿ ಬಿಟ್ಟುಹೋದ ಟ್ರಿಪ್ ಮುಂದಿನ ಮೂರರಲ್ಲಿ ಎಲ್ಲೂ ಸಿಗುವುದಿಲ್ಲ.

ಈ ಪದ್ಧತಿ ಬೆಳೆದದ್ದು 1950ರ ದಶಕದ ಅಮೆರಿಕದಲ್ಲಿ. ಡೆಟ್ರಾಯಿಟ್ ನಗರದ ಅಧ್ಯಯನ 1953ರಲ್ಲಿ ಶುರುವಾಯಿತು. ಅದನ್ನು ನಡೆಸಿದ ಡಗ್ಲಸ್ ಕ್ಯಾರಲ್ ಮುಂದೆ ಶಿಕಾಗೋ ಅಧ್ಯಯನದ ಹೊಣೆಯನ್ನೂ ಹೊತ್ತರು. ಓಡಾಟ ಹುಟ್ಟುವುದು ಜಾಗದ ಬಳಕೆಯಿಂದ, ಅಂದರೆ ಮನೆ, ಕಾರ್ಖಾನೆ, ಅಂಗಡಿಗಳಿಂದ ಎಂದು ಮಿಚೆಲ್ ಮತ್ತು ರ‍್ಯಾಪ್ಕಿನ್ 1954ರಲ್ಲಿ ವಾದಿಸಿದ್ದರು. ಅಲ್ಲಿಯವರೆಗೆ ರಸ್ತೆ ಬದಿ ನಿಂತು ವಾಹನ ಎಣಿಸುವುದೇ ಮುಖ್ಯವಾಗಿತ್ತು. 1962ರ ಹೆದ್ದಾರಿ ಕಾಯ್ದೆ 50,000ಕ್ಕಿಂತ ಜಾಸ್ತಿ ಜನರಿರುವ ನಗರ ಪ್ರದೇಶಗಳಿಗೆ ಹೆದ್ದಾರಿ ಹಣ ಬೇಕಾದರೆ ಇಂಥ ಯೋಜನೆ ಇರಲೇಬೇಕು ಎಂದಿತು. ಅಲ್ಲಿಂದ ಈ ಪದ್ಧತಿ ಊರೂರಿಗೆ ಹೋಯಿತು.

ಇದನ್ನು ಕಟ್ಟಿದವರ ತಲೆಯಲ್ಲಿದ್ದದ್ದು ಹೆದ್ದಾರಿ ಮತ್ತು ಕಾರು. ಹಾಗಾಗಿ ಆ ಕಾಲದ ಎಷ್ಟೋ ಸರ್ವೆಗಳು ನಡೆದುಹೋಗುವ ಟ್ರಿಪ್‌ಗಳನ್ನು ಪೂರ್ತಿ ಬರೆದುಕೊಳ್ಳಲೇ ಇಲ್ಲ. ನಮ್ಮೂರಿನ ಖಡೇಬಜಾರ್, ಗಣಪತಿ ಗಲ್ಲಿಗಳಲ್ಲಿ ಸಂಜೆ ಒಮ್ಮೆ ನಡೆದವರಿಗೆ ಇದು ಎಷ್ಟು ದೊಡ್ಡ ಕೊರತೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮೊದಮೊದಲು ಝೋನ್‌ಗೆ ಒಂದು ಸಮೀಕರಣ ಬರೆಯುತ್ತಿದ್ದರು. ಇಷ್ಟು ಮನೆ, ಇಷ್ಟು ವಾಹನ ಇದ್ದರೆ ಇಷ್ಟು ಟ್ರಿಪ್, ಅಷ್ಟೇ. ಆದರೆ ಒಂದೇ ಝೋನ್‌ನಲ್ಲಿ ಬಂಗಲೆಯೂ ಇರುತ್ತದೆ, ಒಂದು ಕೋಣೆಯ ಮನೆಯೂ ಇರುತ್ತದೆ. ಸರಾಸರಿ ಎರಡನ್ನೂ ಮುಚ್ಚಿಬಿಡುತ್ತದೆ. ಇದಕ್ಕೆ ಬ್ರಿಟನ್ನಿನ ವೂಟನ್ ಮತ್ತು ಪಿಕ್ 1967ರಲ್ಲಿ ಒಂದು ದಾರಿ ತೋರಿಸಿದರು. ಮನೆಗಳನ್ನು ಜನ, ವಾಹನ, ಆದಾಯ ನೋಡಿ ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ದರ ಇಡುವುದು. ಸುಮ್ನೆ ಲೆಕ್ಕಕ್ಕೆ 200 ಮನೆಗಳ ಒಂದು ಓಣಿ ತೆಗೆದುಕೊಳ್ಳಿ. ವಾಹನ ಇಲ್ಲದ 80 ಮನೆಗೆ ದಿನಕ್ಕೆ 4 ಟ್ರಿಪ್, ಒಂದು ಬೈಕ್ ಇರುವ 90 ಮನೆಗೆ 6, ಎರಡು ಅಥವಾ ಜಾಸ್ತಿ ವಾಹನ ಇರುವ 30 ಮನೆಗೆ 9. 320, 540, 270 ಸೇರಿ 1,130 ಟ್ರಿಪ್. ಇವತ್ತಿನ ಸಾಫ್ಟ್‌ವೇರ್ ಸಾವಿರಾರು ಝೋನ್‌ಗೆ ಇದೇ ಗುಣಾಕಾರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಆ 4, 6, 9 ಎಲ್ಲಿಂದ ಬಂದವು ಎಂದು ಮಾತ್ರ ಅದು ಕೇಳುವುದಿಲ್ಲ. ನಾವೇ ಕೇಳಬೇಕು.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಟಿಳಕವಾಡಿಯಿಂದ ಉದ್ಯಮಬಾಗ್‌ಗೆ ಕೆಲಸಕ್ಕೆ ಹೋದವರು ಸಂಜೆ ಮರಳುವ ಟ್ರಿಪ್ ಕೂಡ ಟಿಳಕವಾಡಿಯಲ್ಲೇ ಹುಟ್ಟಿತು ಎಂದೇ ಈ ಲೆಕ್ಕದಲ್ಲಿ ಬರೆಯಬೇಕು. ಕಾರಣ, ಎರಡಕ್ಕೂ ಮೂಲ ಆ ಮನೆ. ಉದ್ಯಮಬಾಗ್ ಎರಡೂ ಸಲ ಸೆಳೆದ ಜಾಗ. ಹುಟ್ಟಿದ್ದು, ಸೆಳೆದದ್ದು ಎರಡರ ಮೊತ್ತ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಮನೆ ಕಡೆಯ ಸಂಖ್ಯೆಯನ್ನೇ ನಂಬಿ ಇನ್ನೊಂದನ್ನು ಸರಿಪಡಿಸುತ್ತಾರೆ. ಮನೆ ಸರ್ವೆಯಲ್ಲಿ ತಪ್ಪಿದರೆ ಊರೇ ತಪ್ಪಿದಂತೆ.

ಈಗ ವಡಗಾವಿ, ಶಹಾಪುರದ ನೇಕಾರರ ಮನೆಗಳಿಗೆ ಬನ್ನಿ. ಎಷ್ಟೋ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇದೆ. ದುಡಿಯುವವರು ಮೂವರಿದ್ದರೂ ಕೆಲಸಕ್ಕೆಂದು ಹೊಸ್ತಿಲು ದಾಟುವ ಟ್ರಿಪ್ ಒಂದೂ ಇಲ್ಲ. ಬೇರೆ ಊರಿನ ದರ ತಂದು ಹಾಕಿದರೆ ಇಲ್ಲದ ಟ್ರಿಪ್ ಹುಟ್ಟುತ್ತವೆ. ನೂಲು ತರುವ, ನೇಯ್ದ ಸೀರೆ ಮುಟ್ಟಿಸುವ ಓಡಾಟ ಮಾತ್ರ ಬಿಟ್ಟುಹೋಗುತ್ತದೆ. 2011ರ ಜನಗಣತಿಯೂ ಇಲ್ಲಿ ಕೈಹಿಡಿಯುವುದಿಲ್ಲ. ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಅದು ಕೇಳಿದ್ದು ‘ಇತರ ಕೆಲಸಗಾರರನ್ನು’ ಮಾತ್ರ. ಬೇಸಾಯಗಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು ಆ ಗುಂಪಿನಲ್ಲಿಲ್ಲ. ತಮ್ಮ ಮನೆಯ ಕೆಲಸ ಮಾತ್ರ ನೋಡಿಕೊಳ್ಳುವ ಹೆಣ್ಣುಮಕ್ಕಳಂತೂ ಇಲ್ಲವೇ ಇಲ್ಲ.

2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ್ದು ಇನ್ನೊಂದು ಬಗೆ. ಕಟ್ಟಡ ಎಷ್ಟು ಚದರಡಿ ಎಂದು ನೋಡಿ ಟ್ರಿಪ್ ಲೆಕ್ಕ ಹಾಕಿದರೆ ಎಡವಟ್ಟಾಗುತ್ತದೆ. ಅಧಿವೇಶನದ ದಿನಗಳ ಗದ್ದಲವೇ ಬೇರೆ, ಉಳಿದ ದಿನಗಳೇ ಬೇರೆ. ಇಂಥ ಜಾಗಗಳನ್ನು ಮಾಡೆಲ್‌ನಲ್ಲಿ (ಈ ಇಡೀ ಲೆಕ್ಕಕ್ಕೆ ಹಾಗನ್ನುತ್ತಾರೆ) ‘ಸ್ಪೆಷಲ್ ಜನರೇಟರ್’ ಎಂದು ಪಕ್ಕಕ್ಕಿಟ್ಟು, ಅಲ್ಲಿಗೇ ಹೋಗಿ ಎಣಿಸಿ, ಸಂಖ್ಯೆಯನ್ನು ಕೈಯಾರೆ ತುಂಬುತ್ತಾರೆ.

ಹಳೆಯ ಪದ್ಧತಿಯ ಅತಿ ದೊಡ್ಡ ಕೊರತೆ ನಮ್ಮ ಕಣ್ಣೆದುರೇ ಬಯಲಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮರುದಿನ ಯಾವ ಮನೆಯಲ್ಲೂ ಜನ ಹೆಚ್ಚಿರಲಿಲ್ಲ, ಬೈಕ್ ಹೆಚ್ಚಿರಲಿಲ್ಲ. ಮೇಲೆ ಹಾಕಿದ 4, 6, 9ರ ಲೆಕ್ಕದ ಪ್ರಕಾರ ಒಂದು ಟ್ರಿಪ್ ಕೂಡ ಹೆಚ್ಚಬಾರದು. ಆದರೆ ಬಸ್ಸುಗಳು ತುಂಬಿದವು. ದುಡ್ಡಿನ ಚಿಂತೆಗೆ ತವರಿಗೆ, ದೇವರಿಗೆ, ಆಸ್ಪತ್ರೆಗೆ ಹೋಗದೆ ಉಳಿದಿದ್ದವರು ಹೊರಟರು. ಖರ್ಚು ಕಮ್ಮಿಯಾದರೆ ಟ್ರಿಪ್ ಹುಟ್ಟುತ್ತದೆ ಎಂಬುದಕ್ಕೆ ಆ ಹಳೆಯ ಲೆಕ್ಕದಲ್ಲಿ ಜಾಗವೇ ಇಲ್ಲ. ಇಡೀ ದಿನದ ಕೆಲಸಗಳನ್ನು ಒಟ್ಟಿಗೆ ನೋಡುವ ಹೊಸ ಮಾಡೆಲ್‌ಗಳು ಇದನ್ನು ಸೇರಿಸಲು ನೋಡುತ್ತವೆ. ಅವುಗಳ ಸರ್ವೆಯಲ್ಲಿ ‘ಎಲ್ಲಿ ಹೋಗಿದ್ರಿ’ ಎಂದು ಕೇಳುವುದಿಲ್ಲ, ‘ಎದ್ದಾಗಿನಿಂದ ಏನೇನು ಮಾಡಿದ್ರಿ’ ಎಂದು ಕೇಳುತ್ತಾರೆ.

ಬೆಳಗಾವಿಗೆ ಮುಂದೆ ಯಾರೇ ಮಾಡೆಲ್ ಮಾಡಲಿ, 2023ಕ್ಕಿಂತ ಹಿಂದಿನ ಮನೆ ಸರ್ವೆ ಹಿಡಿದು ಕೂತರೆ ಈ ಟ್ರಿಪ್‌ಗಳು ಅದರಲ್ಲಿ ಸಿಗುವುದಿಲ್ಲ. ಹೊಸದಾಗಿ ಮನೆ ಮನೆಗೆ ಹೋಗಿ ಕೇಳಬೇಕು. ಮಧ್ಯಾಹ್ನ ಹೋಗಬೇಕು, ಮನೆಯ ಹೆಣ್ಣುಮಕ್ಕಳನ್ನೇ ಕೇಳಬೇಕು.