ಓವನ್‌ನಲ್ಲಿ ಮೊಟ್ಟೆ ಯಾಕೆ ಇಷ್ಟು ನಿಧಾನ?

ಆದಿತ್ಯವಾರ ಬೆಳಿಗ್ಗೆ ಹತ್ತೂವರೆ. ಹೊರಗೆ ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿತ್ತು. ತಿಂಡಿಗೆ ತಡ, ಊಟಕ್ಕೆ ಬೇಗ. ಪೇಟೆಯವರು ಇದಕ್ಕೆ ಬ್ರಂಚ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ತಡವಾಗಿ ಎದ್ದದ್ದು ಅನ್ನುತ್ತಾರೆ. ಫ್ರಿಜ್ಜಿನಲ್ಲಿ ನಿನ್ನೆ ರಾತ್ರಿಯ ಕೋಳಿ ಗಸಿ ಇತ್ತು. ತುಂಡುಗಳೆಲ್ಲ ಖಾಲಿ, ಗಸಿ ಮಾತ್ರ ಬಾಕಿ. ಎಲ್ಲ ಮನೆಯಲ್ಲೂ ಹೀಗೇ ಅಲ್ವಾ? ಅದನ್ನು ಕುದಿಸಿ ಎರಡು ಪಿಂಗಾಣಿ ಬಟ್ಟಲಿಗೆ ಹಾಕಿದೆ. ನಡುವೆ ಚಮಚದಲ್ಲಿ ಗುಳಿ ಮಾಡಿ ಒಂದೊಂದು ಮೊಟ್ಟೆ ಒಡೆದು ಬಿಟ್ಟೆ. 180 ಡಿಗ್ರಿಗೆ ಕಾಯಿಸಿಟ್ಟ ಓಟಿಜಿ ಎನ್ನುವ ಸಣ್ಣ ಕರೆಂಟ್ ಓವನ್‌ನೊಳಗೆ ಮೊದಲು ಅಮ್ಮನ ಬಟ್ಟಲು ಹೋಯಿತು, ಐದು ನಿಮಿಷ ಬಿಟ್ಟು ನನ್ನದು. ಅಮ್ಮನಿಗೆ ಹಳದಿ ಗಟ್ಟಿಯಾಗಿರಬೇಕು, ನನಗೆ ಹರಿಯಬೇಕು.

ಹತ್ತು ನಿಮಿಷ ಕಳೆದು ಗಾಜಿನ ಬಾಗಿಲಿನಿಂದ ಇಣುಕಿದರೆ ನನ್ನ ಮೊಟ್ಟೆಯ ಬಿಳಿ ಇನ್ನೂ ಗಂಜಿ ತಿಳಿಯ ಹಾಗೆ ಅಲುಗಾಡುತ್ತಿತ್ತು. ಹಿಂದಿನಿಂದ ಅಮ್ಮನ ಸ್ವರ: "ಎಂತ ಮಗಾ, ನನ್ನದಾದ್ರೂ ಆಯ್ತಾ? ಇಡ್ಲಿ ಪಾತ್ರೆಯಲ್ಲಿ ಇಟ್ಟಿದ್ರೆ ಇಷ್ಟೊತ್ತಿಗೆ ತಿಂದು ಬಟ್ಟಲು ತೊಳೆದೂ ಆಗ್ತಿತ್ತು."

ಅಮ್ಮ ಹೇಳಿದ್ದು ಸರಿಯೇ. ಇಡ್ಲಿ ಪಾತ್ರೆಯೊಳಗೆ ಇರುವುದು 100 ಡಿಗ್ರಿ. ಸಮುದ್ರದ ಪಕ್ಕದ ಮಂಗಳೂರಿನಲ್ಲಿ ನೀರು ಕುದಿಯುವುದು ನೂರಕ್ಕೇ, ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಓವನ್‌ನೊಳಗೆ 180 ಇದೆ. ಎಂಬತ್ತು ಡಿಗ್ರಿ ಜಾಸ್ತಿ ಇದ್ದರೂ ಓವನ್ ಹಿಂದೆ ಬಿತ್ತು. ಯಾಕೆ?

ನಿಮ್ಮ ಕೈಗೆ ಉತ್ತರ ಆಗಲೇ ಗೊತ್ತು. ಬಿಸಿ ಓವನ್‌ನ ಬಾಗಿಲು ತೆಗೆದು, ಎಲ್ಲೂ ತಾಗದ ಹಾಗೆ ಕೈಯನ್ನು ಒಂದು ಕ್ಷಣ ಒಳಗಿಟ್ಟರೆ ಬಿಸಿ ಅನ್ನಿಸುತ್ತದೆ, ಅಷ್ಟೇ. ಅದೇ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ನುಗ್ಗುವ ಹಬೆ ಬೆರಳಿಗೆ ಬಡಿದರೆ ಬೊಬ್ಬೆ ಏಳುತ್ತದೆ. ಡಿಗ್ರಿ ಹೇಳುವುದು ಎಷ್ಟು ಬಿಸಿ ಎಂದು ಮಾತ್ರ. ಆ ಬಿಸಿಯಲ್ಲಿ ಮೊಟ್ಟೆಗೆ ಕೊಡಲು ಎಷ್ಟು ಶಾಖ ಉಂಟು ಎಂದು ಅದು ಹೇಳುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿದೆ. ನಮ್ಮದು 28 ಲೀಟರಿನ ಓಟಿಜಿ. 180 ಡಿಗ್ರಿಯಲ್ಲಿ ಗಾಳಿ ಹಿಗ್ಗಿ ತೆಳ್ಳಗಾಗಿರುತ್ತದೆ, ಹಾಗಾಗಿ ಒಳಗೆ ಹಿಡಿಯುವ ಗಾಳಿಯ ತೂಕ 22 ಗ್ರಾಂ ಆಸುಪಾಸು. ನಾಲ್ಕೈದು ಚಮಚ ಸಕ್ಕರೆಯಷ್ಟು. ಅಷ್ಟೂ ಗಾಳಿ 180ರಿಂದ 80 ಡಿಗ್ರಿಗೆ ಇಳಿದರೆ ಹೊರಬರುವ ಶಾಖ ಸುಮಾರು 525 ಕ್ಯಾಲೊರಿ. ಇನ್ನು ಹಬೆ. ಒಂದು ಗ್ರಾಂ ಹಬೆ ತಣ್ಣಗಿನ ಬಟ್ಟಲಿಗೆ ತಾಗಿ ನೀರಾಗುವಾಗ ಬಿಟ್ಟುಕೊಡುವುದು 540 ಕ್ಯಾಲೊರಿ. ಅಂದರೆ ಓವನ್ ತುಂಬ ಇರುವ ಗಾಳಿಯೂ ಒಂದೇ ಒಂದು ಗ್ರಾಂ ಹಬೆಯೂ ಹೆಚ್ಚುಕಮ್ಮಿ ಸಮ! ಐವತ್ತು ಗ್ರಾಂ ಮೊಟ್ಟೆಯನ್ನು ನಮ್ಮೂರಿನ 28 ಡಿಗ್ರಿಯಿಂದ 75ಕ್ಕೆ ಏರಿಸಲು ಬೇಕಾಗುವುದು 2,000 ಕ್ಯಾಲೊರಿಗಿಂತ ಸ್ವಲ್ಪ ಕಡಿಮೆ. ಮೂರೂವರೆ ಗ್ರಾಂ ಹಬೆ ಸಾಕು. (ಡಯೆಟ್ ಮಾಡುವವರು ಗಾಬರಿಯಾಗಬೇಡಿ. ಇದು ಚಿಕ್ಕ ಕ್ಯಾಲೊರಿ. ಊಟದ ಲೆಕ್ಕದ ಕ್ಯಾಲೊರಿ ಇದರ ಸಾವಿರ ಪಟ್ಟು.)

ಓವನ್‌ನ ರಾಡುಗಳು ಗಾಳಿಯನ್ನು ಮತ್ತೆ ಮತ್ತೆ ಕಾಯಿಸುತ್ತವೆ, ಕೆಂಡದಂತಿರುವ ರಾಡಿನಿಂದಲೂ ಬಿಸಿ ಗೋಡೆಗಳಿಂದಲೂ ಮೊಟ್ಟೆಗೆ ನೇರವಾಗಿ ಶಾಖ ಬೀಳುತ್ತದೆ. ಇಲ್ಲದಿದ್ದರೆ ಬೇಯುವುದೇ ಇಲ್ಲ. ಆದರೂ ಕೊಡುವ ಕೈ ಸಣ್ಣದು. ಮೂಡೆ, ಪತ್ರೊಡೆ, ಪುಂಡಿ, ಕೊಟ್ಟೆ ಕಡುಬು ಎಂದು ಇಡೀ ಕರಾವಳಿಯ ಅಡುಗೆಮನೆ ಹಬೆಯನ್ನು ನಂಬಿ ಕೂತಿದೆ. ಅಂಥ ಮನೆಯಲ್ಲಿ ಓವನ್ ಸೋಮಾರಿಯಂತೆ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಮೊಟ್ಟೆಗೆ ಓವನ್ ಯಾಕೆ? ಆ ಸೋಮಾರಿತನಕ್ಕಾಗಿಯೇ.

ಮೊಟ್ಟೆ ನೋಡಲು ಒಂದು, ಬೇಯಿಸಲು ಎರಡು. ಬಿಳಿಯಲ್ಲಿ ನೂರಕ್ಕೆ 88 ಪಾಲು ನೀರು, ಹತ್ತರಷ್ಟು ಪ್ರೋಟೀನು. ಈ ಪ್ರೋಟೀನುಗಳು ನೀರಿನಲ್ಲಿ ತೇಲುವ, ಬಿಗಿಯಾಗಿ ಸುತ್ತಿದ ನೂಲಿನ ಉಂಡೆಗಳ ಹಾಗೆ. ಬಿಸಿಯಾದಾಗ ಉಂಡೆ ಬಿಚ್ಚಿಕೊಳ್ಳುತ್ತದೆ, ಒಂದರ ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಲೆಯಾಗುತ್ತದೆ, ನೀರು ಅದರ ಕಣ್ಣುಗಳಲ್ಲಿ ಉಳಿಯುತ್ತದೆ. ಹಾಗೆ ಬಿಳಿ ಗಟ್ಟಿಯಾಗುತ್ತದೆ. ಇನ್ನೂ ಕಾಯಿಸಿದರೆ ಬಲೆ ಬಿಗಿದು ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆಗ ಸಿಗುವುದು ರಬ್ಬರು.

ಎಲ್ಲ ಉಂಡೆಗಳೂ ಒಟ್ಟಿಗೆ ಬಿಚ್ಚುವುದಿಲ್ಲ ಎನ್ನುವುದೇ ತಲೆನೋವು. ಬಿಳಿಯ ಪ್ರೋಟೀನಿನಲ್ಲಿ ನೂರಕ್ಕೆ 12ರಷ್ಟಿರುವ ಓವೋಟ್ರಾನ್ಸ್‌ಫೆರಿನ್ 60 ಡಿಗ್ರಿ ದಾಟುತ್ತಲೇ ಶುರುಮಾಡುತ್ತದೆ. ಅರ್ಧಕ್ಕಿಂತ ಜಾಸ್ತಿ ಇರುವ ಓವಾಲ್ಬುಮಿನ್ ಮಾತ್ರ 80ರ ಹತ್ತಿರ ಹೋಗದೆ ಮಿಸುಕುವುದಿಲ್ಲ. ಹಳದಿಯೋ, 65ಕ್ಕೆ ದಪ್ಪಗಾಗಲು ಹೊರಟು 70ಕ್ಕೆ ಕೂತೇ ಬಿಡುತ್ತದೆ. ಬಿಳಿ ಪೂರ್ತಿ ಬೇಯಬೇಕು, ಹಳದಿ ಹರಿಯಬೇಕು ಅಂದರೆ ಅಂಗೈಯಗಲದ ಬಟ್ಟಲಿನಲ್ಲಿ ಒಂದು ಕಡೆ 80, ಪಕ್ಕದಲ್ಲೇ 65 ಡಿಗ್ರಿ ಇಟ್ಟುಕೊಳ್ಳಬೇಕು.

ಇದು ಸಣ್ಣ ಸಮಸ್ಯೆ ಅಂದುಕೊಳ್ಳಬೇಡಿ. 2025ರಲ್ಲಿ ಇಟಲಿಯ ನೇಪಲ್ಸಿನ ಸಂಶೋಧಕರು ಇದಕ್ಕೆಂದೇ ಒಂದು ಪ್ರಬಂಧ ಪ್ರಕಟಿಸಿದರು. ಚಿಪ್ಪಿರುವ ಮೊಟ್ಟೆಯನ್ನು ಎರಡು ನಿಮಿಷ ಕುದಿಯುವ ನೀರಿಗೆ, ಎರಡು ನಿಮಿಷ 30 ಡಿಗ್ರಿಯ ನೀರಿಗೆ, ಹೀಗೆ 32 ನಿಮಿಷ ಅತ್ತಿತ್ತ ಮಾಡಿದರೆ, ಹೊರಗಿನ ಬಿಳಿ ಏರಿಳಿಯುತ್ತಾ ಬೇಯುತ್ತದೆ, ಒಳಗಿನ ಹಳದಿ ಮಾತ್ರ ಸುಮಾರು 67 ಡಿಗ್ರಿಯಲ್ಲಿ ನಿಂತಿರುತ್ತದೆ. ಚಂದದ ವಿಜ್ಞಾನ. ಆದರೆ ಹೊಟ್ಟೆ ಹಸಿದಿರುವಾಗ 32 ನಿಮಿಷ ಎರಡು ಪಾತ್ರೆಯ ನಡುವೆ ಓಡಾಡುವವರು ಯಾರು?

ನಾನು ಮೊದಲ ಸಲ ಓವನ್‌ನಲ್ಲಿ ಮೊಟ್ಟೆ ಮಾಡಿದಾಗ ಎಲ್ಲ ಉಲ್ಟಾ ಆಯಿತು. ಫ್ರಿಜ್ಜಿನಿಂದ ತೆಗೆದ ಗಸಿಯ ಮೇಲೆ ಫ್ರಿಜ್ಜಿನಿಂದಲೇ ತೆಗೆದ ಮೊಟ್ಟೆ ಒಡೆದು, ಎರಡೂ ರಾಡು ಹಾಕಿ ಒಳಗಿಟ್ಟೆ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ಹಳದಿಯ ಮೇಲೆ ಚರ್ಮದಂಥ ಪದರ, ಒಳಗೆ ಪುಡಿಪುಡಿ. ಅದರ ಅಡಿಯಲ್ಲಿ ಬಿಳಿ ಇನ್ನೂ ಲೋಳೆ. ಈಗ ಯೋಚಿಸಿದರೆ ತಪ್ಪು ಎದ್ದು ಕಾಣುತ್ತದೆ. ಚಿಪ್ಪಿನೊಳಗೆ ಬಿಳಿಯೇ ಹಳದಿಗೆ ಹೊದಿಕೆ. ಒಡೆದು ಬಟ್ಟಲಿಗೆ ಹಾಕಿದ ಕೂಡಲೇ ಹಳದಿ ಬೋಳು ತಲೆಯ ಹಾಗೆ ಮೇಲೆ ನಿಲ್ಲುತ್ತದೆ, ಮೇಲಿನ ರಾಡಿನ ಶಾಖ ಮೊದಲು ಬೀಳುವುದು ಅದರ ಮೇಲೆ. ಶಾಖ ಬೇಕಾದ ಬಿಳಿ ಕೆಳಗೆ, ತಣ್ಣಗಿನ ಗಸಿಯ ಮೇಲೆ ಕೂತಿತ್ತು. ಫ್ರಿಜ್ಜಿನ ಮೊಟ್ಟೆ 5 ಡಿಗ್ರಿಯಿಂದ ಹೊರಡಬೇಕು, ಹೊರಗಿಟ್ಟದ್ದು 28ರಿಂದ. ಹಾಗೆ ಫ್ರಿಜ್ಜಿನದಕ್ಕೆ ಒಂದೂವರೆ ಪಟ್ಟು ಶಾಖ ಬೇಕು.

ಹಾಗಾಗಿ ಈಗ ಗಸಿ ಕುದಿಯುತ್ತಿರುವಾಗಲೇ ಬಟ್ಟಲಿಗೆ ಹಾಕುತ್ತೇನೆ. ಮೊಟ್ಟೆ ಬಿದ್ದ ಕೂಡಲೇ ಅಡಿಯ ಬಿಳಿ ಹಾಲಿನ ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಗಸಿಯ ಹುಣಸೆ ಹುಳಿಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಪ್ರೋಟೀನುಗಳು ಒಂದೇ ಥರದ ವಿದ್ಯುತ್ ಅಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಆ ತಳ್ಳಾಟವನ್ನು ಕಡಿಮೆ ಮಾಡುತ್ತದೆ, ಬಲೆ ಬೇಗ ಹೆಣೆದುಕೊಳ್ಳುತ್ತದೆ. ಮೊಟ್ಟೆ ಒಡೆದು ನೀರಿನಲ್ಲಿ ಬೇಯಿಸುವವರು ವಿನೆಗರ್ ಹಾಕುವುದೂ ಇದಕ್ಕೇ. ಟೊಮೆಟೊ ಗಸಿಯಲ್ಲಿ ಮೊಟ್ಟೆ ಬೇಯಿಸುವ ಉತ್ತರ ಆಫ್ರಿಕಾದವರ ಶಕ್ಷೂಕದಲ್ಲಿ ಈ ಕೆಲಸ ಟೊಮೆಟೊದ್ದು.

ಮೇಲಿನ ರಾಡು ಆಫ್, ಕೆಳಗಿನದು ಮಾತ್ರ ಆನ್. ಬಟ್ಟಲಿನ ಮೇಲೆ ಒಂದು ಸಣ್ಣ ಸ್ಟೀಲ್ ತಟ್ಟೆ ಸ್ವಲ್ಪ ಓರೆಯಾಗಿ ಮುಚ್ಚುತ್ತೇನೆ. ಮುಚ್ಚಿದರೆ ಶಾಖ ತಡೆದು ನಿಧಾನವಾಗಬೇಕು ಅನ್ನಿಸುತ್ತದೆ. ಆಗುವುದು ಬೇರೆ. ತೆರೆದ ಮೊಟ್ಟೆಯ ಮೇಲ್ಮೈ ಬೆವರುತ್ತಲೇ ಇರುತ್ತದೆ, ನೀರು ಆರುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತ ಹಾಗೆ. ಆ ನೀರು ಮುಗಿದ ಮೇಲೆ ಮೇಲ್ಮೈಯ ಬಿಸಿ ಸರ್ರನೆ ಏರಿ ಚರ್ಮ ಕಟ್ಟುತ್ತದೆ. ತಟ್ಟೆ ಮುಚ್ಚಿದರೆ ಹಬೆ ಒಳಗೇ ನಿಲ್ಲುತ್ತದೆ, ಚರ್ಮ ಕಟ್ಟುವುದಿಲ್ಲ, ಬಿಳಿಯೂ ಬೇಗ ಆಗುತ್ತದೆ. ಒಂದರ್ಥದಲ್ಲಿ ಓವನ್‌ನೊಳಗೊಂದು ಪುಟ್ಟ ಇಡ್ಲಿ ಪಾತ್ರೆ. ಇದನ್ನು ಅಮ್ಮನಿಗೆ ಹೇಳಿಲ್ಲ.

ಫ್ರೆಂಚರ ಉಪಾಯ ಇನ್ನೂ ಸಾವಧಾನದ್ದು. ಅವರು ಕೊಕೊಟ್ ಎನ್ನುವ ಕುಡಿಕೆಯಂಥ ಪಾತ್ರೆಗೆ ಬೆಣ್ಣೆ ಸವರಿ, ಮೊಟ್ಟೆ ಮತ್ತು ಕ್ರೀಮ್ ಹಾಕಿ, ಅದನ್ನು ಬಿಸಿನೀರಿನ ಟ್ರೇಯಲ್ಲಿ ಕೂರಿಸಿ ಓವನ್‌ಗೆ ಇಡುತ್ತಾರೆ. ಸುತ್ತ 180 ಇದ್ದರೂ ಆ ನೀರು ಕುದಿಯುವುದೇ ಅಪರೂಪ, ಆವಿಯಾಗುತ್ತಾ ಆವಿಯಾಗುತ್ತಾ 80–90ರಲ್ಲೇ ನಿಲ್ಲುತ್ತದೆ. ಬಟ್ಟಲಿನ ಗೋಡೆ ಅದಕ್ಕಿಂತ ಹೆಚ್ಚು ಬಿಸಿಯಾಗಲು ಆ ನೀರು ಬಿಡುವುದಿಲ್ಲ. ನಾನು ಕ್ರೀಮಿನ ಬದಲು ಕಾಯಿಹಾಲು ಹಾಕಿ ಒಮ್ಮೆ ನೋಡಿದೆ. ನೀರಿನ ಟ್ರೇಯಲ್ಲಿ ಚೆನ್ನಾಗಿ ಬಂತು. ಟ್ರೇ ಇಲ್ಲದೆ ಮಾಡಿದಾಗ ಕುದಿದು ಒಡೆದು, ಮೇಲೆ ಎಣ್ಣೆ ಕೆಳಗೆ ನೀರು ಆಯಿತು.

ಇಷ್ಟೆಲ್ಲ ತಿಳಿದದ್ದು ಚುಚ್ಚಿ ನೋಡುವ ಒಂದು ಅಡುಗೆ ಥರ್ಮಾಮೀಟರ್ ತಂದ ಮೇಲೆ. ಊಟಕ್ಕೆ ಬಂದವರು ನಗುತ್ತಾರೆ. ನಗಲಿ. ಆಕ್ಸ್‌ಫರ್ಡಿನ ನಿಕೋಲಸ್ ಕುರ್ಟಿ ಅತಿ ಕಡಿಮೆ ಉಷ್ಣತೆಯ ಪ್ರಯೋಗಗಳಿಗೆ ಹೆಸರಾದ ಭೌತವಿಜ್ಞಾನಿ. 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾತಾಡುತ್ತಾ ಅವರು, ಶುಕ್ರಗ್ರಹದ ಗಾಳಿಯ ಉಷ್ಣತೆ ಅಳೆಯುವ ನಮಗೆ ಓವನ್‌ನಲ್ಲಿ ಉಬ್ಬುವ ಮೊಟ್ಟೆಯ ಸೂಫ್ಲೆಯೊಳಗೆ ಏನಾಗುತ್ತಿದೆ ಎಂದು ಗೊತ್ತಿಲ್ಲವಲ್ಲ ಎಂದು ಬೇಸರಪಟ್ಟಿದ್ದರು.

ಓವನ್ ಮೊಟ್ಟೆ ನಮ್ಮೂರಿಗೆ ಹೊಸದೇನೂ ಅಲ್ಲ ಎನ್ನುವವರಿದ್ದಾರೆ. ಬೇಕರಿಯ ಎಗ್ ಪಫ್ಸ್ ಉಂಟಲ್ಲ! ಉಂಟು, ಆದರೆ ಅದರ ಮೊಟ್ಟೆ ಬೆಂದೇ ಒಳಗೆ ಹೋಗಿ ಇನ್ನೊಮ್ಮೆ ಬೇಯುತ್ತದೆ. ಹಳದಿಯ ಸುತ್ತ ಎಷ್ಟೋ ಸಲ ಹಸಿರು-ಬೂದು ಬಣ್ಣದ ಉಂಗುರ ಕಾಣುತ್ತದೆ, ನೋಡಿದ್ದೀರಾ? ಜಾಸ್ತಿ ಹೊತ್ತು ಬಿಸಿಯಾದ ಬಿಳಿಯಿಂದ ಗಂಧಕದ ಅನಿಲ ಹೊರಟು ಹಳದಿಯ ಕಬ್ಬಿಣದ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ತಿಂದರೆ ಏನೂ ಆಗುವುದಿಲ್ಲ. ಮಳೆಯ ಸಂಜೆ ಚಾ ಜೊತೆ ನಾನು ಉಂಗುರ ಎಣಿಸುತ್ತಾ ಕೂರುವುದೂ ಇಲ್ಲ.

ಮೊಟ್ಟೆಯ ವಯಸ್ಸು ಮಾತ್ರ ನೋಡಿಯೇ ನೋಡುತ್ತೇನೆ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ದಿನ ಹೋದ ಹಾಗೆ ಅವುಗಳಿಂದ ಕಾರ್ಬನ್ ಡೈಆಕ್ಸೈಡ್ ಸೋರಿ ಬಿಳಿ ಕ್ಷಾರವಾಗುತ್ತದೆ. ಪಿಎಚ್ ಏಳೂವರೆಯ ಆಸುಪಾಸಿನಿಂದ ಒಂಬತ್ತರ ಮೇಲೆ ಹೋಗುತ್ತದೆ. ದಪ್ಪ ಬಿಳಿ ನೀರಾಗುತ್ತದೆ, ಹಳದಿಯ ಪೊರೆ ಸಡಿಲವಾಗುತ್ತದೆ. ನಮ್ಮ ಸೆಕೆಗೆ ಇದೆಲ್ಲ ಇನ್ನೂ ಬೇಗ. ಹಳೆ ಮೊಟ್ಟೆ ಒಡೆದರೆ ಗಸಿಯ ಮೇಲೆಲ್ಲ ಹರಡಿಕೊಳ್ಳುತ್ತದೆ, ತಾಜಾ ಮೊಟ್ಟೆ ಹಾಕಿದಲ್ಲೇ ಗುಂಡಗೆ ಕೂರುತ್ತದೆ. ಮೊದಲು ಸಾಸರಿಗೆ ಒಡೆದು ನೋಡುವುದು ಒಳ್ಳೆಯದು. ತಾಜಾ ಇದ್ದರೂ ಹರಿಯುವ ಹಳದಿ ಎಲ್ಲರಿಗೂ ಅಲ್ಲ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ 71 ಡಿಗ್ರಿ ದಾಟಿ ಹಳದಿ ಗಟ್ಟಿಯಾಗಿರುವುದೇ ಸರಿ. ಅಮ್ಮನ ಬಟ್ಟಲು ಮೊದಲು ಒಳಗೆ ಹೋಗುವುದು ಅದಕ್ಕೇ.

ಆ ಆದಿತ್ಯವಾರ ಹನ್ನೊಂದನೇ ನಿಮಿಷಕ್ಕೆ ಕರೆಂಟ್ ಹೋಯಿತು. ಆಟಿಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ರಾಡು ಮೆಲ್ಲ ಕಪ್ಪಾಯಿತು. ಬಾಗಿಲು ತೆಗೆದು ನೋಡುವ ಆಸೆ ಆಯಿತು, ತೆಗೆಯಲಿಲ್ಲ. ತೆಗೆದರೆ ಆ 22 ಗ್ರಾಂ ಬಿಸಿ ಗಾಳಿ ಕೆಲವೇ ಸೆಕೆಂಡಿನಲ್ಲಿ ಹೊರಗೆ. ಮುಚ್ಚಿಟ್ಟರೆ ತಗಡಿನ ಗೋಡೆ, ಪಿಂಗಾಣಿ, ಗಸಿ ಎಲ್ಲ ಹಿಡಿದಿಟ್ಟ ಶಾಖವನ್ನು ನಿಧಾನವಾಗಿ ಬಿಡುತ್ತಾ ಇರುತ್ತವೆ. ಗಸಿ ಅಡಿಯಿಂದ ಬಿಳಿಯನ್ನು ಬೇಯಿಸುತ್ತಲೇ ಇರುತ್ತದೆ, ಮೇಲಿನಿಂದ ಹಳದಿಗೆ ಬೀಳುವ ಶಾಖ ಮಾತ್ರ ಇಳಿಯುತ್ತದೆ.

ಓಟಿಜಿಯ ಟೈಮರಿಗೆ ಕರೆಂಟ್ ಬೇಕಾಗಿಲ್ಲ, ಅದು ಕೀ ಕೊಟ್ಟ ಗಡಿಯಾರದ ಹಾಗೆ ತಿರುಗುತ್ತದೆ. ಕತ್ತಲೆಯಲ್ಲಿ ಟಿಕ್ ಟಿಕ್ ಅನ್ನುತ್ತಾ ನಾಲ್ಕು ನಿಮಿಷ ಓಡಿ, ಟಿಂಗ್ ಅಂದಿತು. ಮೊಬೈಲ್ ಬೆಳಕಿನಲ್ಲಿ ತಟ್ಟೆ ಸರಿಸಿದೆ. ಅಮ್ಮನದು ಗಟ್ಟಿ. ನನ್ನದರಲ್ಲಿ ಬಿಳಿ ಅಂಚಿನವರೆಗೆ ಗಟ್ಟಿ, ಹಳದಿ ಬೆರಳು ಮುಟ್ಟಿದರೆ ನಡುಗುತ್ತಿತ್ತು. ಬೇಕರಿಯಿಂದ ತಂದ ಪಾವಿನ ತುಂಡು ಅದ್ದಿದೆ, ಹಳದಿ ಒಡೆದು ಕೆಂಪು ಗಸಿಯೊಳಗೆ ಹರಿಯಿತು.

"ಆಯ್ತಲ್ಲ," ಅಂದರು ಅಮ್ಮ, ಚಮಚ ನೆಕ್ಕುತ್ತಾ. "ನಾಳೆ ಇಡ್ಲಿ ಪಾತ್ರೆಯಲ್ಲಿ ಇಡುವ. ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ರೆ ನೀರು ಬೀಳುದಿಲ್ಲ."